ನಲವತ್ತು ದಿನದ ಅಕ್ಕಾರ

ಬೆಳಗಿನ ಆರು ಗಂಟೆ. ಸಿಮೇ ರೈಲು ನಿಲ್ದಾಣದ ಹಿಂಬದಿಯ ಒಂದು ಕಾಂಡೋ ಅಪಾರ್ಟ್‌ಮೆಂಟ್, ಒಂಬತ್ತನೇ ಮಹಡಿ. ಹೊರಗಿನ್ನೂ ಕತ್ತಲು. ಸಿಂಗಾಪುರದಲ್ಲಿ ಬೆಳಕು ಹರಿಯುವುದೇ ಏಳಕ್ಕೆ. ಮಲಗುವ ಕೋಣೆಯ ಬಾಗಿಲು ಅರ್ಧ ತೆರೆದಿದೆ. ಬಾಗಿಲಿನಿಂದ ಮೂರಡಿ ದೂರದಲ್ಲಿ, ನೆಲದ ಮೇಲೆ ಕಾಲು ಚಾಚಿ ಕೂತು ವೇದಾವತಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಾರೆ. ಎಲೆ ಸ್ಟೀಲ್ ಬೋಗುಣಿಗೆ, ದಂಟು ಹಳೆಯ ಪೇಪರಿನ ಮೇಲೆ. ತಲೆ ಎತ್ತುವುದಿಲ್ಲ. ಒಳಗೆ ಮಂಚದ ಮೇಲೆ ಒಂಬತ್ತು ವರ್ಷದ ಹುಡುಗಿಯೊಬ್ಬಳು ಗೋಡೆಗೆ ಬೆನ್ನು ಒತ್ತಿ ಮಲಗಿದ್ದಾಳೆ.

"ಮಗು ಕಣ್ಣು ಬಿಟ್ಟಾಗ ನಿನ್ನೆ ಇದ್ದ ಜಾಗದಲ್ಲೇ ನಿನ್ನೆ ಇದ್ದೋರೇ ಕಾಣ್ಬೇಕು," ಎನ್ನುತ್ತಾರೆ ವೇದಾವತಿ. "ಆದ್ರೆ ನಾನು ಅದನ್ನೇ ನೋಡ್ತಾ ಕೂತಿರಬಾರದು. ನೋಡ್ತಾ ಕೂತ್ರೆ ಕಾವಲಿಗೆ ಕೂತ ಹಾಗಾಗುತ್ತೆ. ಅದಕ್ಕೆ ಸೊಪ್ಪು. ಕೈಗೊಂದು ಕೆಲಸ, ಕಣ್ಣಿಗೊಂದು ನೆಪ."

ಏಳಕ್ಕೆ ಸರಿಯಾಗಿ ಹುಡುಗಿಗೆ ಎಚ್ಚರವಾಗುತ್ತದೆ. ಅವಳು ಬೆಳೆದ ಮಕ್ಕಳ ಮನೆಯಲ್ಲಿ ನಾಲ್ಕೂವರೆಗೆ ಗಂಟೆ ಹೊಡೆಯುತ್ತಿತ್ತು. ಅಲ್ಲಿಯ ನಾಲ್ಕೂವರೆ ಇಲ್ಲಿಯ ಏಳು. ಎದ್ದವಳ ಕೈ ಮೊದಲು ಹೋಗುವುದು ಹಾಸಿಗೆಯ ಅಡಿಗೆ. ರಾತ್ರಿ ಊಟದ ಎರಡು ಚಪಾತಿ ಟಿಶ್ಯೂ ಕಾಗದದಲ್ಲಿ ಸುತ್ತಿಟ್ಟದ್ದು ಅಲ್ಲೇ ಇದೆ. ಆಮೇಲೆ ಬಾಗಿಲ ಕಡೆ ನೋಡುತ್ತಾಳೆ.

"ಅಕ್ಕಾರ, ಇವತ್ತ ಎಷ್ಟನೇದ್ರೀ?"

"ಮೂವತ್ತೇಳು."

"ಇನ್ನ ಮೂರ ಉಳೀತು."

"ಹೂಂ. ಮೂರ."

"ಆಮ್ಯಾಲ ಹೋಗ್ತೀರಿ."

"ನಾ ಹೋಗಾಕಿ. ನೀ ಇರಾಕಿ."

ಹುಡುಗಿ ಮಂಚ ಇಳಿಯುತ್ತಾಳೆ. ಗೋಡೆಯ ಕ್ಯಾಲೆಂಡರಿನಲ್ಲಿ ನಿನ್ನೆಯ ಚೌಕಕ್ಕೆ ಕೆಂಪು ಸ್ಕೆಚ್ ಪೆನ್ನಿನಿಂದ ಗೀಟು ಎಳೆಯುತ್ತಾಳೆ. ಮೂರು ದಿನದಾಚೆಯ ತಾರೀಖಿಗೆ ಒಂದು ಸುತ್ತು ಹಾಕಿದೆ. ಅದು ವೇದಾವತಿ ಈ ಮನೆ ಬಿಡುವ ದಿನ. ಬಂದ ಮೊದಲ ದಿನವೇ ಆ ಸುತ್ತನ್ನು ಹುಡುಗಿಯ ಕೈಯಲ್ಲೇ ಹಾಕಿಸಿದವರು ವೇದಾವತಿ.

ಹುಡುಗಿಯನ್ನು ಇಲ್ಲಿ 'ಇಂದು' ಎಂಬ ಹೆಸರಿನಿಂದ ಕರೆಯೋಣ. ಅವಳ ಮತ್ತು ಈ ಮನೆಯವರ ನಿಜವಾದ ಹೆಸರು ಬೇಡ.

ವೇದಾವತಿಗೆ ಐವತ್ತಾರು. ಸಿಂಗಾಪುರದ ಉತ್ತರಕ್ಕಿರುವ ಸೆಂಬವಾಂಗ್‌ನ ಒಂದು ಶಿಶುವಿಹಾರದ ಅಡುಗೆಮನೆಯಲ್ಲಿ ದಿನಾ ಅರವತ್ತನಾಲ್ಕು ಮಕ್ಕಳ ಊಟ ಬೇಯಿಸುತ್ತಾರೆ. ಅದು ಅವರ ಉದ್ಯೋಗ. ಇನ್ನೊಂದು ಕೆಲಸವಿದೆ, ಅದಕ್ಕೆ ಹೆಸರಿಲ್ಲ. ಸಿಂಗಾಪುರದಲ್ಲಿರುವ ದಂಪತಿಗಳು ಭಾರತಕ್ಕೆ ಹೋಗಿ ದೊಡ್ಡ ಮಗುವೊಂದನ್ನು ದತ್ತು ತರುವಾಗ ಇವರೂ ಜೊತೆಗೆ ಹೋಗುತ್ತಾರೆ. ಮಗುವಿನ ಜೊತೆ ವಿಮಾನದಲ್ಲಿ ಬರುತ್ತಾರೆ. ನಲವತ್ತು ದಿನ ಆ ಮನೆಯಲ್ಲೇ ಇರುತ್ತಾರೆ. ಶಿಶುವಿಹಾರಕ್ಕೆ ಅಷ್ಟು ದಿನ ಸಂಬಳವಿಲ್ಲದ ರಜೆ.

ದತ್ತಿನ ಮಾತಿನಲ್ಲಿ ದೊಡ್ಡ ಮಗು ಅಂದರೆ ಆರು ದಾಟಿದ್ದು. ಎಲ್ಲರೂ ಕೇಳುವುದು ಕೂಸನ್ನು. ಕೂಸಿಗೆ ವರ್ಷಗಟ್ಟಲೆ ಕಾಯಬೇಕು ಎಂದಾಗ, ತಮ್ಮ ವಯಸ್ಸೂ ನಲವತ್ತು ಮುಟ್ಟಿದಾಗ, ಕೆಲವರು ದೊಡ್ಡ ಮಗುವಾದರೂ ಸರಿ ಅನ್ನುತ್ತಾರೆ. "ಆ 'ಆದರೂ' ಅನ್ನೋದು ಮಗುವಿಗೆ ಗೊತ್ತಾಗುತ್ತೆ," ಎನ್ನುತ್ತಾರೆ ವೇದಾವತಿ. "ಹೇಗೆ ಗೊತ್ತಾಗುತ್ತೋ, ಗೊತ್ತಾಗುತ್ತೆ."

ಏಳು ವರ್ಷದಲ್ಲಿ ಹನ್ನೊಂದು ಮಕ್ಕಳು. ಕರೆತಂದ ಪ್ರಯಾಣ ಹನ್ನೊಂದು. ಒಂದು ಮಗುವನ್ನು ವಾಪಸು ಬಿಟ್ಟು ಬಂದ ಪ್ರಯಾಣ ಒಂದು. ಆ ಒಂದರ ಬಗ್ಗೆ ಅವರು ಯಾವ ತಂದೆತಾಯಿಗೂ ಹೇಳಿರಲಿಲ್ಲ.

ಊರು ನರಗುಂದದ ಹತ್ತಿರ. ಹತ್ತೊಂಬತ್ತನೇ ವಯಸ್ಸಿಗೆ ಹುಬ್ಬಳ್ಳಿಯ ಒಂದು ಮಕ್ಕಳ ಮನೆಗೆ ರೊಟ್ಟಿ ಬಡಿಯಲು ಸೇರಿದರು. ಹದಿನಾಲ್ಕು ವರ್ಷ ಅಲ್ಲೇ ಇದ್ದರು. ಮದುವೆಯಾದದ್ದು ಮೂವತ್ತಮೂರಕ್ಕೆ, ಕುಮಟಾ ಕಡೆಯ ಮಹಾಬಲೇಶ್ವರ ಅವರನ್ನು. ಅವರು ಸೆಂಬವಾಂಗ್‌ನ ಹಡಗುಕಟ್ಟೆಯಲ್ಲಿ ಫಿಟ್ಟರ್ ಆಗಿದ್ದರು, ಮುಂದೆ ಮೇಲ್ವಿಚಾರಕರಾದರು. ಈಗ ನಿವೃತ್ತಿ. ಗ್ರೈಂಡರಿನ ಸದ್ದಿಗೆ ಎಡಗಿವಿ ಹೋಗಿದೆ, ಹಾಗಾಗಿ ಎಲ್ಲವನ್ನೂ ಸ್ವಲ್ಪ ಜೋರಾಗಿಯೇ ಹೇಳುತ್ತಾರೆ.

"ಇವಳ ಪಾಸ್‌ಪೋರ್ಟಿಗೆ ಬಿದ್ದ ಸೀಲು ನನ್ನ ಇಡೀ ಆಯುಷ್ಯದಲ್ಲಿ ಬಿದ್ದಿಲ್ಲ. ಹಡಗು ಕಟ್ಟಿದವ ನಾನು, ಊರು ಸುತ್ತುವವಳು ಇವಳು."

"ನಾನಿಲ್ಲ ಅಂದ್ರೆ ನಿಮಗೆ ಮೀನು ಹುರಿಯಕ್ಕೆ ಅನುಕೂಲ," ಎನ್ನುತ್ತಾರೆ ವೇದಾವತಿ.

"ನಲವತ್ತು ದಿನ ಮೀನು ತಿಂದರೆ ಯಾರಿಗೂ ಬೇಸರವೇ ಮಾರಾಯ್ತಿ."

ಅವರಿಗೆ ಮಕ್ಕಳಿಲ್ಲ. ಒಮ್ಮೆ ತಾವೂ ದತ್ತಿಗೆ ವಿಚಾರಿಸಿದ್ದರು. "ಕೇಳಿದ್ವಿ. ನಿಮ್ಮ ವಯಸ್ಸಿಗೆ, ಸಂಬಳಕ್ಕೆ ಆಗಲ್ಲ ಅಂದ್ರು. ಸರಿ ಅಂತ ಬಂದ್ವಿ." ಇದನ್ನು ಹೇಳುವಾಗ ಅವರ ಕೈ ನಿಲ್ಲುವುದಿಲ್ಲ.

ಈ ಕೆಲಸ ಶುರುವಾದದ್ದು 2010ರಲ್ಲಿ, ದೇವಸ್ಥಾನದ ಊಟದ ಪಂಕ್ತಿಯಲ್ಲಿ. ಪಕ್ಕದಲ್ಲಿ ಕೂತ ದಂಪತಿ ಬಾಗಲಕೋಟೆ ಕಡೆಯಿಂದ ಏಳು ವರ್ಷದ ಹುಡುಗಿಯನ್ನು ಕರೆತಂದಿದ್ದರು. ಹುಡುಗಿ ಒಂಬತ್ತು ದಿನದಿಂದ ಬಾಯಿ ಬಿಟ್ಟಿರಲಿಲ್ಲ. ವೇದಾವತಿ ಅವಳನ್ನೇನೂ ಮಾತಾಡಿಸಲಿಲ್ಲ. ಎಲೆ ನೋಡಿಕೊಂಡು, "ಈ ಊರಾಗ ಖಾರ ಅನ್ನೂದ ಹಾಕಂಗಿಲ್ಲ ನೋಡ," ಎಂದರಷ್ಟೆ. ಹುಡುಗಿ, "ಉಪ್ಪೂ ಹಾಕಂಗಿಲ್ಲ," ಎಂದಳು. ಮರುದಿನ ಆ ದಂಪತಿ ಫೋನ್ ಮಾಡಿದರು.

ಬೆಂಗಳೂರಿನವರ ನಡುವೆ ವೇದಾವತಿ ಬೆಂಗಳೂರಿನವರಂತೆ ಮಾತಾಡುತ್ತಾರೆ. ಮಗುವಿನ ಎದುರು ಮಾತ್ರ ನರಗುಂದದ ಮಾತು ಬರುತ್ತದೆ. ಮಗು ತನ್ನನ್ನು ಅಜ್ಜಿ ಎಂದು ಕರೆಯಲು ಬಿಡುವುದಿಲ್ಲ, ಆಂಟಿ ಎಂದೂ ಅಲ್ಲ. 'ಅಕ್ಕಾರ' ಅನ್ನಬೇಕು. ಆ ಕಡೆಯ ಶಾಲೆಗಳಲ್ಲಿ ಟೀಚರನ್ನು, ಮಕ್ಕಳ ಮನೆಗಳಲ್ಲಿ ಮೇಲ್ವಿಚಾರಕಿಯನ್ನು ಕರೆಯುವುದು ಹಾಗೆ. "ಅಕ್ಕಾರ ಅಂದ್ರೆ ಡ್ಯೂಟಿ ಮುಗಿಸಿ ಹೋಗೋಳು. ಮಗುವಿಗೆ ಅದು ಗೊತ್ತಿರುತ್ತೆ. ಅಜ್ಜಿ ಅಂತ ಕರೆಸ್ಕೊಂಡು ಆಮೇಲೆ ಬಿಟ್ಟುಹೋದ್ರೆ ಅದು ಮೋಸ."

ಇಂದುವನ್ನು ದತ್ತು ಪಡೆದವರು ಅವಿನಾಶ್ ಮತ್ತು ನಿಶ್ಚಿತಾ. ಇಬ್ಬರೂ ಚಾಂಗಿ ಬಿಸಿನೆಸ್ ಪಾರ್ಕ್‌ನಲ್ಲಿ ಬೇರೆ ಬೇರೆ ಬ್ಯಾಂಕುಗಳ ಕಂಪ್ಯೂಟರ್ ವಿಭಾಗದಲ್ಲಿದ್ದಾರೆ. ಅವಿನಾಶ್‌ಗೆ ನಲವತ್ತೊಂದು, ನಿಶ್ಚಿತಾರಿಗೆ ಮೂವತ್ತೆಂಟು. ಎರಡು ವರ್ಷ ಅರ್ಜಿ, ಮನೆ ತಪಾಸಣೆ, ವೈದ್ಯರ ಪತ್ರ, ಕೋರ್ಟಿನ ದಿನಾಂಕ. ಕೊನೆಗೆ ಉತ್ತರ ಕರ್ನಾಟಕದ ಒಂದು ಊರಿನಿಂದ ಇಂದುವಿನ ಫೋಟೊ ಬಂತು.

ವೇದಾವತಿ ಅವರಿಬ್ಬರಿಗಿಂತ ಎರಡು ದಿನ ಮೊದಲೇ ಆ ಊರಿಗೆ ಹೋಗಿದ್ದರು. ಅವರ ಪದ್ಧತಿಯೇ ಹಾಗೆ. ಹಸ್ತಾಂತರದ ದಿನ ಎಲ್ಲ ಒಂದೇ ತಾಸಿನಲ್ಲಿ ಮುಗಿಯುತ್ತದೆ. ಚಹಾ, ಬಿಸ್ಕತ್ತು, ಸಹಿ, ಹಾರ, ಫೋಟೊ. ಅದರಲ್ಲಿ ಏನೂ ತಿಳಿಯುವುದಿಲ್ಲ. ಮೊದಲೇ ಹೋಗಿ ಮಕ್ಕಳ ಜೊತೆ ಪಂಕ್ತಿಯಲ್ಲಿ ಕೂತು ಉಂಡರೆ ಮಗು ಸಾಲಿನಲ್ಲಿ ಎಷ್ಟನೆಯದು, ಪಕ್ಕದಲ್ಲಿ ಮಲಗುವವರು ಯಾರು, ಯಾವ ಸದ್ದಿಗೆ ಬೆಚ್ಚುತ್ತದೆ ಎಂದು ಗೊತ್ತಾಗುತ್ತದೆ. ಗೃಹಮಾತೆಯನ್ನು ಕೇಳುವುದಿಲ್ಲ. ಅಡುಗೆಯವಳನ್ನು ಕೇಳುತ್ತಾರೆ.

ಇಂದುವಿನ ಬಗ್ಗೆ ಅಡುಗೆಯವಳು ರೊಟ್ಟಿ ತಟ್ಟುತ್ತ ಹೇಳಿದ್ದು ಇಷ್ಟು. "ಒಮ್ಮೆ ಹೋಗಿ ಬಂದಾಕಿ ಅದು. ಆರ ವರ್ಷದಾಕಿ ಇದ್ದಾಗ ಬೆಂಗಳೂರಿನವ್ರು ಒಯ್ದಿದ್ರು. ನಾಕ ತಿಂಗಳಿಗೆ ತಂದು ಬಿಟ್ರು. ಅವಾಗಿಂದ ಹಿಂಗ, ರೊಟ್ಟಿ ಮುಚ್ಚಿಡೂದು."

ಕಡತದಲ್ಲಿ ಅದಕ್ಕೆ ಒಂದೇ ಸಾಲಿತ್ತು. ಹೊಂದಾಣಿಕೆಯಾಗಲಿಲ್ಲ.

ಚಾಂಗಿ ವಿಮಾನ ನಿಲ್ದಾಣದಲ್ಲಿ ಇಳಿದು ಲಗೇಜಿಗಾಗಿ ನಿಂತಾಗ ವೇದಾವತಿ ಅವಿನಾಶ್‌ರಿಂದ ಒಂದು ಕೆಲಸ ಮಾಡಿಸಿದರು. ಮಗು ಮೊದಲು ಬರುವುದು ಅಲ್ಪಾವಧಿಯ ಪರವಾನಗಿಯ ಮೇಲೆ. ದೀರ್ಘಾವಧಿಯ ಪಾಸ್ ಆಗಲು ವಾರಗಳು ಬೇಕು. ಹಾಗಾಗಿ ವಿಮಾನದ ಕೌಂಟರಿನಲ್ಲಿ ವಾಪಸು ಟಿಕೆಟ್ ಕೇಳುತ್ತಾರೆ ಎಂದು ಎಲ್ಲರೂ ಮಗುವಿಗೂ ಹೋಗಿಬರುವ ಟಿಕೆಟ್ಟೇ ತೆಗೆಸುತ್ತಾರೆ. ಅದರ ಪ್ರಿಂಟನ್ನು ಇಂದುವಿನ ಎದುರಿಗೆ ಹಿಡಿದು, ಇದು ನೀನು ವಾಪಸು ಹೋಗುವ ಕಾಗದ, ಇದು ಬೇಕಾಗಿಲ್ಲ ಎಂದು ಹೇಳಿ ಹರಿಯಬೇಕು ಅಂದರು ವೇದಾವತಿ.

"ಇಲ್ಲೇನಾ ಆಂಟಿ? ಎಲ್ಲರೂ ನೋಡ್ತಿದ್ದಾರೆ. ಮನೆಗೆ ಹೋಗಿ ಆನ್‌ಲೈನ್ ಕ್ಯಾನ್ಸಲ್ ಮಾಡ್ತೀನಿ."

"ಅದನ್ನೂ ಮಾಡಿ. ಇದನ್ನ ಇಲ್ಲೇ ಹರೀರಿ."

ಅವಿನಾಶ್ ಹರಿದರು. ಹೇಳಿಕೊಟ್ಟಷ್ಟೇ ಹೇಳಿದರು. ಯಾಕೆ ಎಂದು ವೇದಾವತಿ ವಿವರಿಸಲಿಲ್ಲ. ಇಂದು ಚೂರುಗಳನ್ನು ನೋಡಿದಳು, ಅವರ ಮುಖವನ್ನು ನೋಡಿದಳು. ನಂಬಿದಳು ಎಂದು ಹೇಳಲಾಗದು.

ಆಮೇಲಿನ ದಿನಗಳು ಸುಲಭದವಲ್ಲ. ಐದನೇ ದಿನ ತಲೆ ಬಾಚಲು ಹೋದ ವೇದಾವತಿಯ ಮಣಿಕಟ್ಟು ಕಚ್ಚಿದಳು. ಗುರುತು ಇನ್ನೂ ಇದೆ. ಹನ್ನೆರಡನೇ ದಿನ ನಿಶ್ಚಿತಾರ ಫೋನನ್ನು ಕಮೋಡಿಗೆ ಹಾಕಿದಳು. ಯಾಕೆಂದರೆ ಅವರು ಅದರಲ್ಲಿ ಯಾರೊಂದಿಗೋ ಇಂಗ್ಲಿಷಿನಲ್ಲಿ ಮಾತಾಡುತ್ತ ಎರಡು ಸಲ 'ಇಂದು' ಎಂದಿದ್ದರು. ಬಚ್ಚಲಿನ ಚಿಲಕ ಹಾಕಿಕೊಂಡು ಎರಡೆರಡು ಗಂಟೆ ಕೂರುತ್ತಿದ್ದಳು. ಮೂವತ್ತೊಂದನೇ ದಿನ ಮನೆಯಿಂದ ಮಾಯವಾದಳು. ಕಾವಲುಗಾರರು, ನೆರೆಹೊರೆಯವರು ಎಲ್ಲ ಹುಡುಕಿ, ಪೊಲೀಸರಿಗೆ ಫೋನ್ ಮಾಡುವ ಹೊತ್ತಿಗೆ ಸಿಕ್ಕಳು. ರಸ್ತೆಯಾಚೆಯ ಸರ್ಕಾರಿ ಫ್ಲ್ಯಾಟುಗಳ ವಾಯ್ಡ್ ಡೆಕ್‌ನಲ್ಲಿ, ಅಂದರೆ ಕಟ್ಟಡದಡಿಯ ತೆರೆದ ಜಾಗದಲ್ಲಿ, ಚದುರಂಗ ಆಡುತ್ತಿದ್ದ ಚೀನೀ ಮುದುಕರ ನಡುವೆ ಕಲ್ಲಿನ ಸ್ಟೂಲಿನ ಮೇಲೆ ಕೂತು ಅವರು ಕೊಟ್ಟ ಬಿಸ್ಕತ್ತು ತಿನ್ನುತ್ತಿದ್ದಳು.

"ಇಲ್ಯಾಕ ಬಂದಿ?" ಎಂದು ವೇದಾವತಿ ಕೇಳಿದರು.

"ಇವ್ರು ಏನೂ ಕೇಳಂಗಿಲ್ಲ," ಎಂದಳು ಇಂದು.

ನಿಶ್ಚಿತಾರನ್ನು ಅವಳು ಕರೆಯುವುದು ಮೇಡಂ ಎಂದು. ಅಮ್ಮ ಅನ್ನಿಸಬೇಡಿ ಎಂದು ವೇದಾವತಿ ಮೊದಲೇ ಹೇಳಿದ್ದರು. ನಿಶ್ಚಿತಾ ಅನ್ನಿಸಲಿಲ್ಲ. ಆದರೆ ಕಾದರು. ಕಾಯುವುದು ಮುಖದಲ್ಲಿ ಕಾಣುತ್ತಿತ್ತು.

ಮೂವತ್ತೊಂಬತ್ತನೇ ದಿನ ಶನಿವಾರ. ಅಂದು ದತ್ತು ಸಂಸ್ಥೆಯ ಸಮಾಜ ಕಾರ್ಯಕರ್ತೆ ಸುನಂದಾ ಮನೆಗೆ ಬಂದು ಮೊದಲ ವರದಿ ಬರೆಯುವವರಿದ್ದರು. ಮಗು ಈ ಮನೆಯಲ್ಲಿ ಮುಂದುವರಿಯುತ್ತದೆಯೋ ಇಲ್ಲವೋ ಎಂದು ತಂದೆತಾಯಿ ಇಬ್ಬರೂ ಹೇಳಬೇಕು. ಒಬ್ಬರು ಇಲ್ಲವೆಂದರೂ ವಾಪಸು ಕಳಿಸುವ ಪತ್ರವ್ಯವಹಾರ ಶುರುವಾಗುತ್ತದೆ. ಹಿಂದಿನ ದಿನ ಮಧ್ಯಾಹ್ನ, ಅವಿನಾಶ್ ಆಫೀಸಿನಲ್ಲಿದ್ದಾಗ, ನಿಶ್ಚಿತಾ ಅಡುಗೆಮನೆಗೆ ಬಂದು ಫ್ರಿಜ್ಜಿಗೆ ಒರಗಿ ನಿಂತರು.

"ಆಂಟಿ, ಒಂದು ಮಾತು. ಅವಿಗೆ ಹೇಳ್ಬೇಡಿ."

"ಹೇಳಿ."

"ನಂಗೆ ಅವಳು ಇಷ್ಟ ಆಗ್ತಿಲ್ಲ."

ವೇದಾವತಿ ಒಲೆ ಸಣ್ಣ ಮಾಡಿದರು.

"ಟ್ರೈ ಮಾಡಿಲ್ಲ ಅಂತಲ್ಲ. ಮೂವತ್ತೆಂಟು ದಿನ ಆಯ್ತು. ಪಕ್ಕದಲ್ಲಿ ಕೂತ್ರೆ ಎದ್ದು ಹೋಗ್ತಾಳೆ. ನಿನ್ನೆ ನನ್ನ ಕೈ ತಾಗ್ತು ಅಂತ ಹೋಗಿ ಕೈ ತೊಳ್ಕೊಂಡ್ಲು. ನಾಳೆ ಅವ್ರು ಬಂದು ಕೇಳಿದ್ರೆ ಏನ್ ಹೇಳ್ಲಿ? ಬಾಂಡಿಂಗ್ ಆಗಿದೆ ಅಂತ ಸುಳ್ಳು ಹೇಳ್ಲಾ? ಈಗ್ಲೇ ಕಳಿಸಿದ್ರೆ ಅವಳಿಗೂ ಒಳ್ಳೇದೇನೋ. ನನಗಿಂತ ಒಳ್ಳೇವ್ರು ಯಾರಾದ್ರೂ ಬರ್ಬಹುದು."

"ಬರಲ್ಲ," ಎಂದರು ವೇದಾವತಿ. "ಒಂಬತ್ತು ವರ್ಷ. ಈಗ ಕಳಿಸಿದ್ರೆ ಎರಡು ಸಲ ವಾಪಸ್ ಬಂದ ಮಗು. ಅಂಥ ಫೈಲನ್ನ ಯಾರೂ ಪೂರ್ತಿ ಓದಲ್ಲ."

ಆಗ ವೇದಾವತಿ ಯಾರಿಗೂ ಹೇಳದಿದ್ದುದನ್ನು ಹೇಳಿದರು.

2013. ಹುಡುಗಿಯ ಹೆಸರು ಸಮೃದ್ಧಿ. ಹತ್ತು ವರ್ಷ, ಬೆಳಗಾವಿ ಕಡೆಯವಳು. ಕರೆತಂದ ದಂಪತಿ ಒಳ್ಳೆಯವರು. ತಾಯಿ ಮೊದಲೇ ಏಳು ಫ್ರಾಕು ಹೊಲಿಸಿ ಕಪಾಟಿನಲ್ಲಿ ತೂಗುಹಾಕಿದ್ದಳು. ವಿಮಾನ ಹತ್ತುವ ಮುಂಚೆ ವೇದಾವತಿ ಆ ಮಗುವಿನ ಟಿಕೆಟ್ಟಿನ ಪ್ರಿಂಟನ್ನು ಅವಳ ಕೈಗೇ ಕೊಟ್ಟರು. ತನ್ನ ಹೆಸರು ಅಚ್ಚಾದ ಕಾಗದ ಹಿಡಿದುಕೊಳ್ಳುವುದು ಮಕ್ಕಳಿಗೆ ಹೆಮ್ಮೆ ಎಂದು ಅವರ ಎಣಿಕೆ. ಹಿಂದಿನ ಮಕ್ಕಳಿಗೂ ಹಾಗೇ ಕೊಟ್ಟಿದ್ದರು. ಸಮೃದ್ಧಿ ಅದನ್ನು ನಾಲ್ಕು ಮಡಿಕೆ ಮಾಡಿ ಇಟ್ಟುಕೊಂಡಳು.

ಆ ಮನೆಯಲ್ಲಿ ಅವಳು ಚೀಲದಿಂದ ಬಟ್ಟೆ ಹೊರಗೆ ತೆಗೆಯಲೇ ಇಲ್ಲ. ಏಳರಲ್ಲಿ ಒಂದು ಫ್ರಾಕನ್ನೂ ಹಾಕಲಿಲ್ಲ. ಕಚ್ಚಲಿಲ್ಲ, ಕದಿಯಲಿಲ್ಲ, ಅಳಲಿಲ್ಲ. ಕೊಟ್ಟದ್ದನ್ನು ಅರ್ಧ ಉಂಡು ತಟ್ಟೆ ತೊಳೆದಿಡುತ್ತಿದ್ದಳು. ನಲವತ್ತನೇ ದಿನಕ್ಕೆ ವೇದಾವತಿ ಮನೆಗೆ ಮರಳಿದರು. ನಲವತ್ತೈದಕ್ಕೆ ಆ ತಾಯಿಯ ಫೋನು ಬಂತು. ಈ ಮಗುವಿಗೆ ನಾವು ಬೇಡ, ನನ್ನ ಕೈಲಿ ಇನ್ನಾಗಲ್ಲ ಎಂದಳು. ಪತ್ರಗಳಿಗೆ ಒಂದು ವಾರ ಹಿಡಿಯಿತು. ಕರೆದುಕೊಂಡು ಹೋಗುವ ಧೈರ್ಯ ಅವರಿಬ್ಬರಿಗೂ ಇರಲಿಲ್ಲ. ವೇದಾವತಿಯೇ ಹೋದರು.

"ಅವಳಿಗೆ ಬೇರೆ ಟಿಕೆಟ್ ತೆಗೆಸೋದು ಬೇಕಾಗಲೇ ಇಲ್ಲ," ಎಂದರು ವೇದಾವತಿ. "ವಾಪಸ್ ಟಿಕೆಟ್ ಇತ್ತಲ್ಲ. ಐವತ್ತೆರಡನೇ ದಿನಕ್ಕೆ. ಅದೇ ವಿಮಾನದಲ್ಲಿ ಹೋದ್ವಿ. ಅವತ್ತು ಬೆಳಿಗ್ಗೆ ನಾನು ಹೋಗೋಷ್ಟರಲ್ಲಿ ಅವಳು ಚೀಲ ಹೆಗಲಿಗೆ ಹಾಕ್ಕೊಂಡು ಶೂ ಕಟ್ಕೊಂಡು ಬಾಗಿಲ ಹತ್ರ ನಿಂತಿದ್ಲು. ಅವಳಿಗೆ ಯಾರೂ ಇನ್ನೂ ಹೇಳಿರ್ಲಿಲ್ಲ."

ಮಕ್ಕಳ ಮನೆಯಲ್ಲಿ ಗೃಹಮಾತೆ ಚೀಲ ತೆಗೆಸಿದಾಗ ನಾಲ್ಕು ಮಡಿಕೆಯ ಕಾಗದ ಸಿಕ್ಕಿತು. ವಾಪಸಿನ ತಾರೀಖಿನ ಕೆಳಗೆ ಪೆನ್ಸಿಲಿನಲ್ಲಿ ಸಣ್ಣ ಗೀಟುಗಳು. ಐದೈದರ ಗುಂಪು. ಐವತ್ತೆರಡು.

"ಮಕ್ಕಳ ಮನೇಲಿ ಬೆಳೆದ ಮಕ್ಕಳು ಕಾಗದನ ನಮಗಿಂತ ಚೆನ್ನಾಗಿ ಓದ್ತವೆ ನಿಶ್ಚಿತಾ. ಅವರ ಬದುಕೆಲ್ಲ ಯಾರೋ ಬರೆದ ಕಾಗದದ ಮೇಲೇ ನಡೆದಿರುತ್ತೆ. ನಾನು ಕೇಳಿದೆ, ಯಾಕ ಹೇಳಲಿಲ್ಲ ನೀನು ಅಂತ. 'ಅವ್ರು ಮೊದಲ ಬರದಿದ್ರಲ್ರೀ ಅಕ್ಕಾರ' ಅಂದ್ಲು. ನಾನು ಕೊಟ್ಟಿದ್ದ ಕಾಗದ ಅದು. ನಮಗೆ ಅದು ಏರ್‌ಪೋರ್ಟಿನವರ ಬಾಯಿ ಮುಚ್ಚಿಸೋ ಕಾಗದ. ಅವಳಿಗೆ ಅದೇ ತೀರ್ಪು. ತೀರ್ಪು ಬಂದ ಮೇಲೆ ಯಾರು ಬಟ್ಟೆ ಹೊರಗೆ ತೆಗೀತಾರೆ?"

ಕುಕ್ಕರಿನ ಮೂರನೇ ಕೂಗಿಗೆ ಅವರು ಒಲೆ ಆರಿಸಿದರು.

"ಈಗ ಎಲ್ಲಿದ್ದಾಳೆ?" ನಿಶ್ಚಿತಾ ಕೇಳಿದರು.

"ಗೊತ್ತಿಲ್ಲ. ಫೋನ್ ಮಾಡಿದ್ರೆ ಹೇಳಲ್ಲ ಅಂತಾರೆ. ಹೇಳಬಾರದು, ನಿಯಮ. ಈಗ ಹದಿನಾಲ್ಕು ಅವಳಿಗೆ."

"ಆ ತಾಯಿ ಕೆಟ್ಟೋರಾ?"

"ಅಲ್ಲ. ಅವಳಿಗೆ ಮಗು ಮೇಲೆ ತುಂಬಾ ಪ್ರೀತಿ ಇತ್ತು. ಆ ಪ್ರೀತಿ ಮಗುವಿಂದ ತಿರುಗಿ ಸಿಗ್ತಿಲ್ಲ ಅಂತ ತಡ್ಕೊಳ್ಳಕ್ಕಾಗ್ಲಿಲ್ಲ. ನಿಮಗೆ ಪ್ರೀತಿ ಬಂದಿಲ್ಲ, ಸರಿ. ಇಂದು ಅದನ್ನ ಕೇಳೂ ಇಲ್ಲ. ಬೆಳಿಗ್ಗೆ ಎದ್ದ ತಕ್ಷಣ ಏನ್ ಕೇಳ್ತಾಳೆ ಅಂತ ನಿಮಗೆ ಗೊತ್ತಲ್ಲ. ಎಷ್ಟನೇ ದಿನ ಅಂತ. ಅಷ್ಟೇ ಅವಳಿಗೆ ಬೇಕಾಗಿರೋದು."

ನಿಶ್ಚಿತಾ ಹೊರಗೆ ಹೋದರು. ಅವರು ಏನು ನಿರ್ಧರಿಸಿದ್ದಾರೆ ಎಂದು ವೇದಾವತಿಗೆ ತಿಳಿಯಲಿಲ್ಲ. ತಿಳಿದಿದ್ದರೂ ಮಾಡುವುದೇನೂ ಇರಲಿಲ್ಲ. ಇಂದುವಿನ ಚೀಲ ಎಲ್ಲಿದೆ ಎಂದು ಒಮ್ಮೆ ನೋಡಿಕೊಂಡರು. ಮಂಚದ ಕೆಳಗಿತ್ತು. ಅರ್ಧ ತುಂಬಿತ್ತು.

ಶನಿವಾರ ಸುನಂದಾ ಹತ್ತು ಗಂಟೆಗೆ ಬಂದರು. ಸಿಂಗಾಪುರದಲ್ಲೇ ಹುಟ್ಟಿ ಬೆಳೆದ ತಮಿಳರು, ಮಾತೆಲ್ಲ ಇಂಗ್ಲಿಷಿನಲ್ಲಿ. ಇಂದುವನ್ನು ಕರೆದರು, ಅವಳು ಬರಲಿಲ್ಲ. ಕೋಣೆಯ ಬಾಗಿಲು ಎರಡು ಬೆರಳಿನಷ್ಟು ತೆರೆದಿತ್ತು. ವೇದಾವತಿ ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಆ ಸಂಭಾಷಣೆಯಲ್ಲಿ ಅವರಿಗೆ ಕುರ್ಚಿಯಿಲ್ಲ, ಯಾವ ವರದಿಯಲ್ಲೂ ಅವರ ಹೆಸರು ಬರುವುದಿಲ್ಲ. ಅವಿನಾಶ್ ಮಾತಾಡಿದರು. ಕಷ್ಟ ಇದೆ, ಆದರೆ ಮುಂದುವರಿಯೋಣ ಎಂಬಂಥ ಮಾತು. ಆಮೇಲೆ ಸುನಂದಾ ನಿಶ್ಚಿತಾರ ಕಡೆ ತಿರುಗಿದರು.

ಮಗುವಿನ ಮೇಲೆ ನನಗಿನ್ನೂ ಪ್ರೀತಿ ಬಂದಿಲ್ಲ ಎಂದು ನಿಶ್ಚಿತಾ ಇಂಗ್ಲಿಷಿನಲ್ಲಿ ಹೇಳಿದರು. ಅವಿನಾಶ್ ಅವರತ್ತ ನೋಡಿದರು. ಬರುತ್ತದೋ ಇಲ್ಲವೋ ತಿಳಿಯದು, ವಾಪಸು ಮಾತ್ರ ಕಳಿಸುವುದಿಲ್ಲ, ಇದನ್ನು ಹೀಗೇ ಬರೆದುಕೊಳ್ಳಿ ಎಂದರು ನಿಶ್ಚಿತಾ. ಸುನಂದಾ ಬರೆದುಕೊಂಡರು. ಆಮೇಲೆ ನಿಶ್ಚಿತಾ ಕುರ್ಚಿಯಲ್ಲೇ ತಿರುಗಿ, ಎರಡು ಬೆರಳಿನಷ್ಟು ತೆರೆದ ಬಾಗಿಲಿಗೆ ಹೇಳಿದರು.

"ಇಂದು, ಕೇಳಿಸ್ಕೊ. ನಿನ್ನ ಎಲ್ಲೂ ಕಳಿಸಲ್ಲ. ನೀನು ಮಾತಾಡಿಸಿದ್ರೂ ಕಳಿಸಲ್ಲ, ಮಾತಾಡಿಸದೇ ಇದ್ರೂ ಕಳಿಸಲ್ಲ."

ಮಧ್ಯಾಹ್ನ ಊಟಕ್ಕೆ ಬಂದ ಇಂದು ಎಂದಿನಂತೆ ಎರಡು ಚಪಾತಿ ಬಚ್ಚಿಟ್ಟುಕೊಂಡಳು.

ನಲವತ್ತನೇ ದಿನ ಭಾನುವಾರ. ಕ್ಯಾಲೆಂಡರಿನ ಸುತ್ತಿಗೆ ಇಂದು ಗೀಟು ಎಳೆದಳು. ವೇದಾವತಿ ಚೀಲ ಹಿಡಿದು ಅವಳ ಬಾಗಿಲಲ್ಲಿ ನಿಂತು, "ನಾ ಹೊಂಟೆ," ಎಂದರು. ಹೋಗುವುದನ್ನು ಒಂದೇ ಸಲ ಹೇಳಬೇಕು, ತಿರುಗಿ ನೋಡಬಾರದು, ಮತ್ತೆ ಬರುತ್ತೇನೆ ಎಂದು ಹೇಳಲೇಬಾರದು. ಇದು ಅವರ ನಿಯಮ.

"ನಿಮ್ಮ ಡ್ಯೂಟಿ ಮುಗೀತೇನ್ರೀ?"

"ಮುಗೀತು."

ಇಂದು ಬಾಗಿಲು ಹಾಕಿಕೊಂಡಳು. ವೇದಾವತಿ ಲಿಫ್ಟಿಗೆ ಕಾಯುವಾಗ ಒಳಗೆ ಏನೋ ಬಾಗಿಲಿಗೆ ಬಡಿದ ಸದ್ದು, ಮತ್ತೊಮ್ಮೆ, ಮತ್ತೊಮ್ಮೆ. ಆಮೇಲೆ ನಿಶ್ಚಿತಾರ ದನಿ. ಲಿಫ್ಟು ಬಂತು. ಎರಡು ಕಡೆ ರೈಲು ಬದಲಿಸಿ ಸೆಂಬವಾಂಗ್ ಮುಟ್ಟಲು ಒಂದೂಕಾಲು ಗಂಟೆ. ಅವರಿಗೆ ಕೂರಲು ಜಾಗ ಸಿಕ್ಕಿತು, ಕೂರಲಿಲ್ಲ.

"ಬಂದವಳೇ ಒಂದು ದಿನ ಪೂರ್ತಿ ಮಲಗ್ತಾಳೆ," ಎನ್ನುತ್ತಾರೆ ಮಹಾಬಲೇಶ್ವರ. "ಊಟಕ್ಕೆ ಕರೆದರೆ ಕೇಳಿಸುವುದಿಲ್ಲ. ಕಿವುಡ ನಾನು ಅಂತ ಹೆಸರು."

ನಲವತ್ತು ದಿನದ ನಂತರ ವೇದಾವತಿ ಫೋನ್ ಮಾಡುವುದಿಲ್ಲ. ಮನೆಯವರು ಮಾಡಿದರೆ ಎತ್ತುತ್ತಾರೆ, ಎರಡು ಮಾತಾಡಿ ಇಡುತ್ತಾರೆ. ನಿಶ್ಚಿತಾ ಒಂದೇ ಒಂದು ಸಲ ಮಾಡಿದರು, ಆರನೇ ದಿನ. ಮೂರು ದಿನ ಇಂದು ಊಟ ಮುಟ್ಟಿರಲಿಲ್ಲ. ನಾಲ್ಕನೇ ದಿನ ಮುಟ್ಟಿದಳು. ಬೆಳಿಗ್ಗೆ ಬಾಗಿಲ ಹತ್ತಿರ ಕೂರುವುದು ಈಗ ನಿಶ್ಚಿತಾರ ಪಾಲಿಗೆ ಬಂದಿದೆ. ಸೊಪ್ಪು ಬಿಡಿಸಲು ಬರುವುದಿಲ್ಲ, ಆಫೀಸಿನ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಾರೆ. ಪರವಾಗಿಲ್ಲವಾ ಎಂದು ಕೇಳಿದರು.

"ನಡೆಯುತ್ತೆ," ಎಂದರು ವೇದಾವತಿ. "ಕಣ್ಣು ಲ್ಯಾಪ್‌ಟಾಪ್ ಮೇಲೇ ಇರಲಿ."

ಹನ್ನೆರಡನೇ ಮಗು ಬರುವುದಿದೆ ಎಂದು ಯಾರೋ ಹೇಳುತ್ತಿದ್ದರು. ಹೋಗುತ್ತೀರಾ ಎಂದು ಕೇಳಿದರೆ ಮಂಡಿ ತೋರಿಸುತ್ತಾರೆ. ನೆಲದ ಮೇಲೆ ಕೂತು ಏಳುವುದು ಈಗ ಕಷ್ಟ. ನೆಲದ ಮೇಲೆ ಕೂರಲಾಗದಿದ್ದರೆ ಈ ಕೆಲಸ ಆಗದು, ಕುರ್ಚಿಯಲ್ಲಿ ಕೂತವರನ್ನು ಮಕ್ಕಳು ನಂಬುವುದಿಲ್ಲ ಎನ್ನುತ್ತಾರೆ. ಮುಂದೇನು ಬೇಕು ಎಂದು ಕೇಳಿದಾಗ, ಸಮೃದ್ಧಿಯ ವಿಷಯ ಯಾರಾದರೂ ಒಂದು ಸಾಲು ತಿಳಿಸಿದರೆ ಸಾಕು ಎಂದರು. ಊಟಕ್ಕಿದೆ, ಶಾಲೆಗೆ ಹೋಗುತ್ತಿದ್ದಾಳೆ, ಅಷ್ಟು.

ಆಮೇಲೆ ಈ ಮಾತು ಹೇಳಿದರು. ಇಂದುವಿನ ಮನೆ ಬಿಟ್ಟು ಹನ್ನೊಂದು ವಾರ ಆಗಿತ್ತು. ಭಾನುವಾರ ಸಂಜೆ, ಲಿಟಲ್ ಇಂಡಿಯಾ, ತರಕಾರಿ ಅಂಗಡಿಗಳ ಸಾಲು. ಕಾಲಿಡಲು ಜಾಗವಿಲ್ಲದ ಜನ. ನುಗ್ಗೆಕಾಯಿ ಆರಿಸುತ್ತಿದ್ದವರು ತಲೆ ಎತ್ತಿದಾಗ ಎದುರಿನ ಅಂಗಡಿಯಲ್ಲಿ ನಿಶ್ಚಿತಾ ನಿಂತಿದ್ದರು, ಬೆನ್ನು ಈ ಕಡೆಗೆ. ಪಕ್ಕದಲ್ಲಿ ಇಂದು. ತಲೆ ಬಾಚಿತ್ತು. ಅವಳು ವೇದಾವತಿಯನ್ನು ನೋಡಿದಳು.

"ಗುರುತು ಹಿಡಿದ್ಲು. ನಗಲಿಲ್ಲ. ಮುಖ ಹೆಪ್ಪುಗಟ್ಟಿ ಹೋಯ್ತು. ನನ್ನ ಕೈಲಿ ದೊಡ್ಡ ಚೀಲ ಇತ್ತಲ್ಲ. ಅವಳ ಲೆಕ್ಕದಲ್ಲಿ ನಾನು ಕರ್ಕೊಂಡು ಬರೋಳು. ಕರ್ಕೊಂಡು ಹೋಗೋಳೂ ನಾನೇ ಇರ್ಬೇಕು ಅಂತ ಅಂದ್ಕೊಂಡಿರ್ತಾಳೆ. ವಾಪಸ್ ಒಯ್ಯಕ್ಕೆ ಬಂದಿದ್ದೀನಿ ಅಂತ ಹೆದರಿದ್ಲು."

ವೇದಾವತಿ ಕರೆಯಲಿಲ್ಲ. ಆರಿಸಿದ ನುಗ್ಗೆಕಾಯಿ ಅಲ್ಲೇ ಇಟ್ಟು ಜನರ ನಡುವೆ ನುಗ್ಗಿ ಹಿಂದಿನ ರಸ್ತೆಗೆ ಇಳಿದರು. ಅಂದಿನಿಂದ ಭಾನುವಾರ ಆ ಕಡೆ ಹೋಗುವುದಿಲ್ಲ. ಸೆಂಬವಾಂಗ್‌ನ ಅಂಗಡಿಯಲ್ಲೇ ಸಿಕ್ಕಿದ್ದು ತರುತ್ತಾರೆ. ನುಗ್ಗೆಕಾಯಿ ನಾರು, ಹಗ್ಗ ತಿಂದ ಹಾಗೆ ಎಂದು ಮಹಾಬಲೇಶ್ವರ ಗೊಣಗುತ್ತಾರೆ.

ನಿಮಗೆ ಬೇಸರವಾಗಲಿಲ್ಲವೇ ಎಂದು ಕೇಳಿದರೆ ವೇದಾವತಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾರೆ.

"ಆಯ್ತು. ಆಗದೇ ಇರುತ್ತಾ?" ಎನ್ನುತ್ತಾರೆ. "ಆದ್ರೆ ನಾನು ನೋಡಿದೆನಲ್ಲ. ಹೆದರಿದೋಳು ಓಡಿಹೋಗಲಿಲ್ಲ. ನಿಶ್ಚಿತಾ ಚೂಡಿದಾರ್ ಹಿಡ್ಕೊಂಡು ಅವರ ಹಿಂದೆ ಬಚ್ಚಿಟ್ಕೊಂಡ್ಲು."